ಸಂವೇಗ ಮತ್ತು ಉದ್ವೇಗ

ಕೇರಂ ಆಡುವವರು ಗಮನಿಸಿಯೇ ಇರುತ್ತೀರಿ: ಸುಮ್ಮನೆ ಕೂತ ಕಾಯಿಗೆ ಅಷ್ಟೇ ತೂಕದ ಇನ್ನೊಂದು ಕಾಯಿ ನೇರವಾಗಿ ಬಡಿದರೆ, ಬಡಿದದ್ದು ಹೆಚ್ಚುಕಡಿಮೆ ಅಲ್ಲೇ ನಿಂತು, ಏಟು ತಿಂದದ್ದು ಅದರ ವೇಗವನ್ನು ಹೊತ್ತು ಓಡುತ್ತದೆ. ಟಿ. ನರಸೀಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ನಾನು ಇದನ್ನು ‘ಸ್ಥಿತಿಸ್ಥಾಪಕ ಸಂಘಟ್ಟನೆ’ ಎಂದು ಕರೆದು ಮಕ್ಕಳನ್ನು ಹೆದರಿಸುತ್ತೇನೆ. ಡಿಕ್ಕಿಗೆ ಮೊದಲು ಒಟ್ಟು ಸಂವೇಗ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು, ಎಷ್ಟಿತ್ತೋ ಆಮೇಲೂ ಅಷ್ಟೇ. ನಮ್ಮ ಮನೆಯಲ್ಲಿ ಉದ್ವೇಗಕ್ಕೂ ಇದೇ ನಿಯಮ. ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿತ ನನ್ನ ಹೆಂಡತಿ ಶೈಲಜ, ನಂಜನಗೂಡಿನ ಮನೆಯಿಂದ ತಾನು ಪಾಠ ಹೇಳುವ ಹದಿನಾರು ಎಂಬ ಊರಿಗೆ ಅದರಲ್ಲೇ ಹೊರಟ ದಿನ, ಅವಳ ಭಯವೆಲ್ಲ ಒಂದಿಷ್ಟೂ ಸೋರದೆ ನನಗೆ ವರ್ಗವಾಯಿತು. ಅವಳು ನಿರಾಳ, ನಾನು ಕಂಗಾಲು.

ಅವತ್ತು ತರಗತಿಯಲ್ಲಿ ಎರಡು ಜೇಡಿಮಣ್ಣಿನ ಉಂಡೆಗಳನ್ನು ಡಿಕ್ಕಿ ಹೊಡೆಸಿ ಅಂಟಿಸುತ್ತಿದ್ದೆ. ಇದು ಅಸ್ಥಿತಿಸ್ಥಾಪಕ, ಸಂವೇಗವೇನೋ ಉಳಿಯುತ್ತದೆ, ಆದರೆ ಚಲನಶಕ್ತಿಯ ಒಂದು ಪಾಲು ಮಣ್ಣನ್ನು ಅಪ್ಪಚ್ಚಿ ಮಾಡುವುದಕ್ಕೇ ಖರ್ಚಾಗುತ್ತದೆ ಎನ್ನುವಷ್ಟರಲ್ಲಿ ಫೋನ್ ಬಂತು. ನಂಬರು ಶೈಲಜಳದು, ದನಿ ಯಾರೋ ಗಂಡಸಿನದು.

“ಸಾ, ಗಾಬ್ರಿ ಬೀಳ್ಬೇಡಿ ಕಣ್ ಸಾ. ಅದಿನಾರ್ ಅತ್ರ ಟೀಚರಮ್ಮೋರ್ ಗಾಡಿ ನಮ್ ಟ್ರಾಕ್ಟರ್‌ಗೆ ಗುದ್ಬುಡ್ತು...”

ಅಲ್ಲಿಗೆ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ಸಿಕ್ಕಿದ ಬಸ್ ಹತ್ತಿದೆ. ಸೀಟು ಖಾಲಿಯಿದ್ದರೂ ಕೂರಲಾಗದೆ ಬಾಗಿಲ ಬಳಿ ನಿಂತೆ. ಬಲ್ಲ ವಿದ್ಯೆ ಆ ಹೊತ್ತಿಗೆ ಶತ್ರುವಾಯಿತು. ಹಗುರವಾದದ್ದು ಭಾರವಾದದ್ದಕ್ಕೆ ಬಡಿದು ಹಿಂದಕ್ಕೆ ಪುಟಿದರೆ, ಅಂಟಿ ನಿಂತದ್ದಕ್ಕಿಂತ ಹೆಚ್ಚಿನ ಏಟು ತಿನ್ನುತ್ತದೆಂದು ವರ್ಷವರ್ಷವೂ ಹಲಗೆಯ ಮೇಲೆ ಸಾಧಿಸಿ ತೋರಿಸಿದವನು ನಾನೇ. ನಂಜುಂಡೇಶ್ವರ, ಅವಳು ಪುಟಿಯದಿರಲಿ, ಅಂಟಿಕೊಳ್ಳಲಿ ಎಂದು ಬೇಡಿಕೊಂಡೆ. ಇಂಥ ಹರಕೆ ಆ ದೇವರಿಗೂ ಹೊಸದೇ ಇರಬೇಕು.

ಹದಿನಾರಿನ ಹತ್ತಿರ ಇಳಿದಾಗ ರಸ್ತೆ ಬದಿಯಲ್ಲಿ ಹುಲ್ಲು ಹೇರಿದ ಟ್ರೈಲರ್ ಕಂಡಿತು. ಅದರ ಹಿಂಬದಿಗೆ ಇಳಿಬಿದ್ದಿದ್ದ ಹುಲ್ಲಿನೊಳಗೆ ಸ್ಕೂಟರು ಹ್ಯಾಂಡಲ್‌ವರೆಗೆ ಹೂತುಹೋಗಿತ್ತು. ಎದುರು ಮನೆಯ ಜಗಲಿಯ ಮೇಲೆ ಶೈಲಜ, ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ತಲೆತುಂಬ ಹುಲ್ಲು ಮುಡಿದು ಕೂತಿದ್ದಳು.

“ನಾಯಿ ಅಡ್ಡ ಬಂತು ಸಾ,” ಎಂದ ಟ್ರಾಕ್ಟರಿನ ಸಿದ್ದರಾಜು. “ನಾನ್ ಗಾಡಿ ನಿಲ್ಸ್ಕಂಡು ಅಗ್ಗ ಬಿಗೀತಿದ್ದೆ. ಸೀದಾ ಉಲ್ಲೊಳಕ್ಕೇ ಬಂದ್ಬುಟ್ರು. ಪಕ್ಕದ್ ಕಬ್ಣುಕ್ ಒಡ್ದಿದ್ರೆ...”

ದಾರಿಯುದ್ದಕ್ಕೂ ನಾನು ಕೂಡಿಟ್ಟುಕೊಂಡಿದ್ದ ಬೈಗುಳ ಬಹಳವಿತ್ತು. “ಕ್ಲಾಸ್ ಬಿಟ್ಟು ಬಂದ್ರಾ?” ಎಂದು ಕೇಳಿ ಅವಳು ಅಳಲು ಶುರು ಮಾಡಿದಳು. ಪಕ್ಕ ಕೂತು ಹಿಡಿದುಕೊಂಡೆ. ಅವಳ ಮೈಯ ನಡುಕ ನನ್ನ ತೋಳಿಗೆ ಬಂದು, ನಿಧಾನವಾಗಿ ತಗ್ಗಿತು. ಹುಲ್ಲು ತಾನು ಬಾಗಿ, ನಲುಗಿ, ಅವಳ ಮೂಳೆ ಉಳಿಸಿತ್ತು. ನನಗೂ ಆಗ ಅಷ್ಟು ಮಾಡಿದರೆ ಸಾಕೆನ್ನಿಸಿತು. ಬೈಯಲಿಲ್ಲ.

ನಂಜನಗೂಡಿನ ಡಾಕ್ಟರು ಬರೀ ಉಳುಕು ಎಂದರು. ಊತ ಇಳಿಯಿತು, ನಾನು ಮಾತ್ರ ಸ್ಕೂಟರಿನ ಕೀಲಿಯನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಅವಳು ದಿನವೂ ಬಸ್ಸಿಗೆ ಹೋಗಿಬಂದಳು. ಒಂದು ಸಂಜೆ ಕೈ ಚಾಚಿ ಎದುರು ನಿಂತಳು.

“ಗುದ್ದಿದ್ದು ನಾನು ಕಣ್ರೀ. ನಾನು ಆಗ್ಲೇ ಎದ್ದೆ. ನೀವೇ ಇನ್ನೂ ಎದ್ದಿಲ್ಲ.”

ಕೀಲಿ ಕೊಟ್ಟೆ, ಹಿಂದೆ ನಾನೂ ಕೂರುವುದಾದರೆ ಎಂಬ ಷರತ್ತಿನ ಮೇಲೆ. ಭಾನುವಾರ ಬೆಳಿಗ್ಗೆ ಹೊರಟೆವು. “ಹೀಗೆ ಅವುಚ್ಕೊಂಡ್ರೆ ಹ್ಯಾಂಡಲ್ ತಿರುಗ್ಸೋದ್ ಹೇಗ್ರೀ?” ಎಂದಳು. ಹಿಡಿತ ಸ್ವಲ್ಪ ಸಡಿಲಿಸಿದೆ. ಎದುರಿನಿಂದ ಕಬ್ಬಿನ ಲಾರಿಯೊಂದು ರಸ್ತೆ ತುಂಬಿಕೊಂಡು ಬಂತು. ಅವಳು ವೇಗ ತಗ್ಗಿಸಿ ಬದಿಗೆ ಸರಿದಳು. ಗಾಳಿಯ ಒಂದು ಗುದ್ದು ಬಡಿಯಿತು, ಸದ್ದು ಹಿಂದಕ್ಕೆ ಹೋಯಿತು.

ಅವಳು ಕನ್ನಡಿಯಲ್ಲಿ ನೋಡಿ ಹೇಳಿದಳು: “ಹೋಯ್ತು. ಕಣ್ಣು ಬಿಡಿ.”