ಮೆತ್ತನೆಯ ಗಿರ್ಮಿಟ್‌ಗೆ ಇಪ್ಪತ್ಮೂರು ಮತ

ಫೆಬ್ರುವರಿ ಹನ್ನೆರಡು, ಗುರುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಇನ್ನು ಅರ್ಧ ಗಂಟೆಗೆ ಅಪ್ಪ ಶಿಗ್ಗಾವಿ ಪೇಟೆಗೆ ಹೊರಡುತ್ತಾರೆ. ಸುಮ್ಮನೆ ಕೂತರೆ ಗಡಿಯಾರ ನೋಡುವುದೇ ಕೆಲಸವಾಗುತ್ತದೆ, ಅದಕ್ಕೇ ಲೆಕ್ಕದ ಡೈರಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ನಿವೃತ್ತ ಮಾಸ್ತರರು. ಅವರ ಗೆಳೆಯ ಖಾದರ್ ಚಾಚಾ ಸವಣೂರಿನವರು. ಪೇಟೆಯಲ್ಲಿ ಅವರ ಹೊಲಿಗೆ ಅಂಗಡಿಯಿದೆ. ಹನ್ನೊಂದು ವರ್ಷದಿಂದ ಸಂಜೆ ಐದಕ್ಕೆ ಇಬ್ಬರೂ ಅಂಗಡಿ ಕಟ್ಟೆಯ ಮೇಲೆ ಕೂತು, ಒಂದೇ ಪ್ಲೇಟು ಗಿರ್ಮಿಟ್ ತರಿಸಿ ವಾದಕ್ಕಿಳಿಯುತ್ತಿದ್ದರು. ಅದರೊಳಗಿನ ಚುರುಮುರಿ, ಅಂದರೆ ಮಂಡಕ್ಕಿ, ಕುರುಕುರು ಅನ್ನುವಾಗಲೇ ತಿನ್ನಬೇಕೆಂದು ಚಾಚಾ. ಹುಳಿ, ಖಾರ ಹೀರಿ ಮೆತ್ತಗಾಗಲಿ ಎಂದು ಅಪ್ಪ.

"ತೊಯ್ದ ಅರಿವಿ ಜಗಿದಂಗ ಆಕ್ಕೈತ್ರಿ, ಮಾಸ್ತರ್ರ!"

"ನಿಮ್ದು ಬರೇ ಸಪ್ಪಳಾರಿ, ಸಾಬ್ರ. ರುಚಿ ಎಲ್ಲೈತಿ?"

ನನ್ನದು ಹೊಲಗಳಿಂದ ಪರೀಕ್ಷೆಗೆ ಮಣ್ಣಿನ ಮಾದರಿ ತರುವ ಕೆಲಸ. ಹಾನಗಲ್, ಸವಣೂರು, ಹಿರೇಕೆರೂರು ಎಂದು ತಿರುಗುವಾಗ ಯಾವುದನ್ನಾದರೂ ಎಣಿಸದಿದ್ದರೆ ನನಗೆ ಸಮಾಧಾನವಿಲ್ಲ. ಜನವರಿಯಿಡೀ ಗಿರ್ಮಿಟ್ ಗಾಡಿಗಳ ಮುಂದೆ ನಿಂತು ತಿನ್ನುತ್ತಿದ್ದ ಅರವತ್ನಾಲ್ಕು ಜನರನ್ನು ಕೇಳಿದೆ. ಕುರುಕುರು ನಲವತ್ತೊಂದು, ಮೆತ್ತಗೆ ಇಪ್ಪತ್ಮೂರು. ಫೆಬ್ರುವರಿ ಎರಡರಂದು ಆ ಕಟ್ಟೆಯ ಮೇಲೆ, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ಓದಿಬಿಟ್ಟೆ.

ಚಾಚಾ ನಕ್ಕರು. ಅಪ್ಪ ನಗಲಿಲ್ಲ. ಮರುದಿನದಿಂದ ಎರಡು ಪ್ಲೇಟು.

ಎದುರಿನ ಔಷಧಿ ಅಂಗಡಿಯಲ್ಲಿ ನಿಂತು ನಾನು ಬರೆದುಕೊಂಡ ಎಂಟು ದಿನದ ಸರಾಸರಿ ಇದು: ಚಾಚಾ ನಾಲ್ಕು ನಿಮಿಷಕ್ಕೆ ತಿಂದು ಮುಗಿಸಿ ಮಷೀನಿಗೆ ಮರಳುತ್ತಾರೆ. ಅಪ್ಪನಿಗೆ ಹದಿನೇಳು ನಿಮಿಷ. ಉಳಿದ ಹದಿಮೂರು ನಿಮಿಷ ಅಪ್ಪ ಒಬ್ಬರೇ, ಪ್ಲೇಟು ನೋಡುತ್ತಾ. ಆಗ ಹೊಳೆಯಿತು. ಒಂದೇ ಪ್ಲೇಟಿದ್ದಾಗ ಚಾಚಾ ಮೊದಲ ಅರ್ಧ ತಿನ್ನುತ್ತಿದ್ದರು. ವಾದ ಮುಗಿಯುವಷ್ಟರಲ್ಲಿ ಇನ್ನರ್ಧ ಅಪ್ಪನಿಗೆ ಬೇಕಾದಂತೆ ಮೆತ್ತಗಾಗಿರುತ್ತಿತ್ತು. ಹನ್ನೊಂದು ವರ್ಷದಲ್ಲಿ ಯಾರೂ ಯಾರನ್ನೂ ಒಪ್ಪಿಸಿರಲಿಲ್ಲ. ಆ ಹೊಂದಿಕೆ ಕೆಡಿಸಿದವಳು ನಾನು.

ಮೊನ್ನೆ ಹಿರೇಕೆರೂರಿನಲ್ಲಿ ಒಬ್ಬಾಕೆ ಗಿರ್ಮಿಟ್ ಪಾರ್ಸಲ್ ಕಟ್ಟಿಸಿಕೊಂಡು ಬಸ್ಸು ಹತ್ತಿದಳು. ಮನೆ ಮುಟ್ಟುವ ಹೊತ್ತಿಗೆ ಅದು ಮೆತ್ತಗಾಗದೆ ಇರುತ್ತದೆಯೇ? ಅಂಥವರನ್ನು ನಾನು ಕೇಳಿಯೇ ಇರಲಿಲ್ಲ! ಬದುವಿನ ಮಣ್ಣು ತಂದು ಇಡೀ ಹೊಲದ ಗುಣ ಹೇಳಿದಂತಾಗಿತ್ತು. ನಿನ್ನೆ ಕಟ್ಟೆಗೆ ಹೋಗಿ ತಪ್ಪೊಪ್ಪಿಕೊಂಡೆ.

"ಚಾಚಾ, ನನ್ ಲೆಕ್ಕ ತಪ್ಪೈತ್ರಿ. ಪಾರ್ಸಲ್ ಒಯ್ಯೋರನ್ನ ಬಿಟ್ಟೇನಿ."

ಅಪ್ಪ ನೆಟ್ಟಗೆ ಕೂತರು. "ನೋಡ್ರಿ ಸಾಬ್ರ! ಅವ್ರೆಲ್ಲಾ ನನ್ ಕಡೀನ."

"ಅವ್ರು ಹೆಂಡ್ತಿಗೆ ಅಂಜಿ ಒಯ್ತಾರ್ರಿ. ಅದನ್ನೂ ರುಚಿ ಅಂತ ಬರ್ಕೊ ಬೇಟಿ!"

ಚಾಚಾರ ಪ್ಲೇಟು ಆಗಲೇ ಖಾಲಿಯಾಗಿತ್ತು, ಆದರೂ ಅವರು ಏಳಲಿಲ್ಲ. ಆದರೆ ಅದು ನಿನ್ನೆಯ ಮಾತು. ಇವತ್ತು ಎಷ್ಟು ಪ್ಲೇಟು?

ನಾಲ್ಕು ನಲವತ್ತು. ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ತಿರುಗಿ ನಿಂತರು. "ನೀನೂ ಬರ್ತಿದ್ರ ಬಾ. ಆ ಡೈರಿ ಮನ್ಯಾಗ ಇರ್ಲಿ."

ಆರು ಗಂಟೆ, ಮನೆಗೆ ಬಂದು ಬರೆದದ್ದು: ಒಂದು ಪ್ಲೇಟು, ಎರಡು ಚಮಚ. ಎಷ್ಟು ನಿಮಿಷವೆಂದು ನೋಡಲಿಲ್ಲ.

ಇದನ್ನು ಓದಿದವರಲ್ಲಿ ಪಾರ್ಸಲ್ ಒಯ್ಯುವವರ ರುಚಿ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಯಾವ ಕಡೆ ಹೆಚ್ಚೆಂದು ತಿಳಿದರೂ ಆ ಲೆಕ್ಕವನ್ನು ಕಟ್ಟೆಯವರೆಗೆ ಹೋಗಗೊಡುವುದಿಲ್ಲ.