ಚಳಿ ಸಿಗದ ಮರ

ಅತ್ತಿಗೆ, ಆ ಮರವನ್ನು ಕೊಂದವಳು ನಾನು. ನಿಮ್ಮ ಕೈಗುಣವಲ್ಲ, ಯಾರ ಕಣ್ಣೂ ಬಿದ್ದದ್ದಲ್ಲ — ನಾನು. ರೇಷ್ಮೆ ಹುಳುಮನೆ ತೊಳೆಯಲು ತಂದಿಟ್ಟಿದ್ದ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಿ ಅದರ ಬುಡಕ್ಕೆ ಸುರಿದೆ. ಯುಗಾದಿಗೆ ತವರಿಗೆ ಬಂದವಳು ವಾಪಸ್ಸು ಹೊರಡುವ ತನಕ, ಮಧ್ಯಾಹ್ನ ನೀವೆಲ್ಲ ಮಲಗಿದ ಮೇಲೆ ಇದೇ ಕೆಲಸ ಮಾಡಿದೆ. ಮರ ಕೊಂದದ್ದಕ್ಕೆ ನಾನು ಇವತ್ತಿಗೂ ಅಳುವುದಿಲ್ಲ. ಅಳಬೇಕಾದದ್ದು ಬೇರೆ ಇದೆ.

ಅಣ್ಣ ರೈತರ ಪ್ರವಾಸಕ್ಕೆಂದು ಹಿಮಾಚಲಕ್ಕೆ ಹೋಗಿ ಬಂದಾಗ, ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಪರ್ಸಿಮನ್ ಸಸಿ ಅದು. ಹಣ್ಣು ಟೊಮೆಟೊ ಥರ ಇರುತ್ತದೆ, ಜೇನಿನಷ್ಟು ಸಿಹಿ ಎಂದ. ಶಿಡ್ಲಘಟ್ಟದ ಪಕ್ಕದ ನಮ್ಮೂರಿನಲ್ಲಿ ಅದಕ್ಕೆ ಟೊಮೆಟೊ ಮರ ಅಂತಲೇ ಹೆಸರಾಯಿತು. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ನೆಟ್ಟು ನೀರು ಹಾಕುವುದನ್ನು ನಿಮಗೆ ವಹಿಸಿದ. ಮರ ಬೆಳೆಯಿತು, ಆಳೆತ್ತರ ದಾಟಿತು. ಅಗಲ ಎಲೆ, ಒಳ್ಳೆ ನೆರಳು. ಬೇಸಿಗೆಗೆ ನಾಲ್ಕು ಹೂವು ಕಾಣಿಸಿಕೊಳ್ಳುವುದು, ಒಣಗಿ ಉದುರುವುದು. ಒಂದು ಹಣ್ಣೂ ನಿಲ್ಲಲಿಲ್ಲ.

ನಿಮಗೂ ಆಗ ಮಕ್ಕಳಾಗಿರಲಿಲ್ಲ. ಅಮ್ಮನಿಗೆ ಅಷ್ಟೇ ಸಾಕಾಯಿತು.

"ಗೊಡ್ಡು ಕೈಲಿ ನೀರು ಹಾಕಿದ್ರೆ ಮರ ಎಲ್ಲಿ ಹಣ್ಣು ಬಿಡ್ತದೆ?" — ಆ ಯುಗಾದಿಯ ಒಬ್ಬಟ್ಟು ಬಡಿಸುತ್ತಾ, ನೆಂಟರ ಮುಂದೆ, ನಗುನಗುತ್ತಲೇ ಅಂದಳು. ನೀವು ತುಪ್ಪದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಿರಿ. ಅಣ್ಣ ಎಲೆಯಿಂದ ತಲೆ ಎತ್ತಲಿಲ್ಲ.

ನನಗೆ ನಿಜ ಗೊತ್ತಿತ್ತು, ಅತ್ತಿಗೆ. ಹಬ್ಬಕ್ಕೆ ಮುಂಚೆಯೇ ಗೊತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ರೈತರ ಸಭೆಯೊಂದಕ್ಕೆ ಆ ಮರದ ಎಲೆ ಹಿಡಿದುಕೊಂಡು ಹೋಗಿ, ತೋಟಗಾರಿಕೆ ತಿಳಿದವರೊಬ್ಬರನ್ನು ಕೇಳಿದ್ದೆ. ಅವರು ಎಲೆ ತಿರುಗಿಸಿ ನೋಡಿ ಹೇಳಿದ್ದು ಹೀಗೆ: "ಇದಕ್ಕೆ ಗಡಗಡ ನಡುಗೋ ಚಳಿ ಬೇಕಮ್ಮಾ, ವಾರಗಟ್ಲೆ. ಎಲೆಯೆಲ್ಲ ಉದುರಿಸಿ ಚೆನ್ನಾಗಿ ನಿದ್ದೆ ಮಾಡಿ ಎದ್ರೇನೇ ಸರಿಯಾಗಿ ಹೂವು ಬಿಡೋದು. ನಿಮ್ಕಡೆ ಚಳಿ ಅದಕ್ಕೆ ಯಾವ ಮೂಲೆಗೂ ಸಾಲ್ದು. ಬಿಟ್ಟ ನಾಕು ಹೂವೂ ಬೇಸಿಗೆ ಒಣಗಾಳಿಗೆ ಉದುರೋಗ್ತವೆ. ಗಾಳೀಲಿ ತೇವ ಎಲ್ಲಿದೆ? ನೀರು ಹಾಕೋರ್ದು ಏನೂ ತಪ್ಪಿಲ್ಲ."

ನೀರು ಹಾಕುವವರ ತಪ್ಪಿಲ್ಲ — ಈ ಒಂದು ಮಾತನ್ನು ಊಟದ ಪಂಕ್ತಿಯಲ್ಲಿ ಹೇಳಿದ್ದರೆ ಸಾಕಿತ್ತು. ಅಮ್ಮನಿಗೆ ಅರ್ಥವಾಗದ ಸಂಗತಿಯೂ ಅಲ್ಲ. ಹುಳುವಿಗೆ ಸೆಕೆಯಾದರೆ ಗೂಡು ಕಟ್ಟುವುದಿಲ್ಲವೆಂದು ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುವವಳು ಅವಳು. ಹುಳು ಸತ್ತರೆ ಹವೆಯನ್ನು ಬೈಯುತ್ತಿದ್ದಳು. ಮರ ಹಣ್ಣು ಬಿಡದಿದ್ದರೆ ಮಾತ್ರ ಸೊಸೆಯನ್ನು.

ಆದರೆ ನಾನು ಬಾಯಿ ಬಿಡಲಿಲ್ಲ. ಅಮ್ಮನ ಎದುರು ಮಾತಾಡುವುದಕ್ಕಿಂತ ಮರ ಕೊಲ್ಲುವುದು ಸುಲಭವಾಗಿತ್ತು — ಇಷ್ಟೇ ಸತ್ಯ. ಮರವೇ ಇಲ್ಲದಿದ್ದರೆ ಆ ಮಾತೂ ಇರುವುದಿಲ್ಲ ಅಂದುಕೊಂಡೆ. ನಿಮ್ಮನ್ನು ಬಿಡಿಸಿದೆ ಎಂದು ಮನಸ್ಸಿನಲ್ಲೇ ಬೀಗುತ್ತಾ ಬಸ್ಸು ಹತ್ತಿದೆ.

ಎಲೆಗಳು ಅಂಚಿನಿಂದ ಸುಟ್ಟಂತೆ ಕಂದುಗಟ್ಟಿದವಂತೆ. ಬಾಯಾರಿಕೆಯಿರಬೇಕೆಂದು ನೀವು ಇನ್ನಷ್ಟು ಕೊಡ ನೀರು ಹೊತ್ತು ಹಾಕಿದಿರಂತೆ. ಅಮ್ಮ ಫೋನಿನಲ್ಲಿ ಹೇಳಿದಳು, "ಹಣ್ಣು ಬಿಡೋದು ಹಂಗಿರಲಿ, ಇದ್ದ ಮರನೂ ಸಾಯಿಸಿಬಿಟ್ಲು ಕಣೇ." ನಾನು "ಹೌದಾ" ಎಂದೆ.

ಆ ವರ್ಷವೇ ನನ್ನ ಸೀಮಂತ. ಹಸಿರು ಸೀರೆ, ಮೊಗ್ಗಿನ ಜಡೆ, ಮೈತುಂಬ ಹೆಮ್ಮೆ. ನೀವು ಬಳೆ ತೊಡಿಸಲು ಬಂದು ನನ್ನ ಕೈ ಹಿಡಿದಿರಿ. ಅಮ್ಮ ನಿಮ್ಮ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದಳು. "ನೀನು ಬೇಡಮ್ಮ. ಮರ ಒಣಗಿಸಿದ ಕೈ ಅದು. ಬಸುರಿ ಹೆಂಗಸು, ಸುಮ್ನೆ ಯಾಕೆ..."

ನೀವು ಅಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಿರಿ. ನಾನು ಬಳೆಗಳನ್ನು ನೋಡಿದೆ.

ಅಂದು ಸಂಜೆಯೇ ನೀವು ಚಿಂತಾಮಣಿಗೆ, ತವರಿಗೆ ಹೊರಟಿರಿ. ಕೆಲವು ತಿಂಗಳ ಮೇಲೆ ಅಣ್ಣನೂ ನಿಮ್ಮಲ್ಲಿಗೇ ಬಂದು ನಿಂತ. ಹೊಟ್ಟೆಯಲ್ಲಿದ್ದ ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳು ನಿಮ್ಮ ಮುಖ ನೋಡಿಲ್ಲ.

ಹೋದ ವಾರ ಗೌರಿಬಿದನೂರಿನಲ್ಲಿ ನೆಂಟರ ಗೃಹಪ್ರವೇಶ. ನಮ್ಮ ಚಿಕ್ಕಮ್ಮ ಹೊಸ ಸೊಸೆಯೊಬ್ಬಳಿಗೆ ನಿಮ್ಮ ಕಥೆ ಹೇಳುತ್ತಿದ್ದಳು — ಮುಟ್ಟಿದ ಮರ ಒಣಗಿಸಿದವಳ ಕಥೆ. ಇಷ್ಟು ವರ್ಷವಾದರೂ ಬಾಯಿಂದ ಬಾಯಿಗೆ ಅದು ನಡೆದೇ ಇದೆ! ನಾನು ಎದ್ದು ನಿಂತೆ.

"ಆ ಮರ ಸಾಯಿಸಿದ್ದು ನಾನು ಚಿಕ್ಕಮ್ಮ. ಬ್ಲೀಚಿಂಗ್ ಪೌಡರ್ ಹಾಕಿ ಸಾಯಿಸಿದೆ. ಇನ್ಮೇಲೆ ಹೇಳೋದಾದ್ರೆ ನನ್ನ ಹೆಸರು ಹೇಳಿ."

ಈಗ ನನ್ನ ಮನೆಯಲ್ಲೇ ಇರುವ ಅಮ್ಮ, ಬರುವಾಗ ಕಾರಿನಲ್ಲಿ ಗೊಣಗಿದಳು, "ಏನೋ ಆಗೋಯ್ತು. ಈಗ ಎತ್ತಾಡಿ ನನ್ನ ಮಾನ ಕಳೆದೆಯಲ್ಲೇ."

"ಅವತ್ತು ಕಳೆದಿದ್ದು ಯಾರ ಮಾನ ಅಮ್ಮಾ?" ಎಂದೆ. ನೆಂಟರೆಲ್ಲ ನನ್ನನ್ನು ಹುಚ್ಚಿ ಅನ್ನುತ್ತಿದ್ದಾರಂತೆ. ಅನ್ನಲಿ. ಇನ್ನೊಂದು ಮನೆಯಲ್ಲಿ ಕರೆದು ಕೇಳಿದರೂ ಇದನ್ನೇ ಹೇಳುತ್ತೇನೆ.

ಆದರೆ ನಿಮ್ಮ ಮುಂದೆ ಆ ಗಟ್ಟಿ ದನಿ ಉಳಿಯುವುದಿಲ್ಲ, ಅತ್ತಿಗೆ. ಭಾನುವಾರ ಚಿಂತಾಮಣಿಗೆ ಬರುತ್ತೇನೆ. ಅಮ್ಮ ಬರುವುದಿಲ್ಲವಂತೆ — ಒಬ್ಬಳೇ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕ್ಷಮಿಸುವ ಭಾರವನ್ನೂ ನಿಮ್ಮ ಮೇಲೇ ಹೊರಿಸಿದಂತಾಗುತ್ತದೆ. ನಡೆದದ್ದನ್ನು ನಿಮ್ಮ ಮುಖ ನೋಡಿಕೊಂಡು ಹೇಳುತ್ತೇನೆ, ಅಷ್ಟೆ. ನೀವು ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಕೂತಿದ್ದು ಕೊನೆಯ ಬಸ್ಸಿಗೆ ಹಿಂದಿರುಗುತ್ತೇನೆ. ಅದರ ಮುಂದಿನ ಭಾನುವಾರವೂ ಬರುತ್ತೇನೆ.