ಉಸಿರಪ್ಪನ ಹತ್ತು ಉಸಿರು

ನಮ್ಮ ಗಾಜಿನಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಗಾಜು ಕತ್ತರಿಸುತ್ತಿರುವವನಿಗೆ ಉಸಿರಪ್ಪ ಎಂದು ಹೆಸರಿಟ್ಟವನು ನಾನೇ. ಇಟ್ಟ ದಿನ ಭಾರಿ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಈಗ ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಅವನ ಕೆಲಸದ ರೀತಿಯೇ ಹಾಗೆ. ಗಾಜನ್ನು ಮೇಜಿನ ಮೇಲೆ ಮಲಗಿಸಿ, ಅಳತೆ ಗುರುತು ಹಾಕಿ, ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚುತ್ತಾನೆ. ಹತ್ತು ಉಸಿರು. ಆಮೇಲೆ ಎದ್ದು, ಈ ತುದಿಯಿಂದ ಆ ತುದಿಗೆ ಕಟರ್ ಎಳೆಯುತ್ತಾನೆ, ಒಂದೇ ಸಲ. ಆ ಗೆರೆಯ ಗುಂಟ ಒತ್ತಿದರೆ ಗಾಜು ನೇರವಾಗಿ ಮುರಿಯುತ್ತದೆ. ಎಳೆದ ಗೆರೆಯ ಮೇಲೆ ಇನ್ನೊಮ್ಮೆ ಎಳೆಯಬಾರದು. ಎಳೆದರೆ ಗಾಜು ನಮ್ಮ ಮಾತು ಕೇಳುವುದಿಲ್ಲ, ತನಗಿಷ್ಟ ಬಂದ ಕಡೆ ಸೀಳುತ್ತದೆ.

ಮೊದಲು ಅವನು ಬಸ್ ಡ್ರೈವರ್. ಗಾಡಿಗಳ ನಡುವೆ ಸಿಕ್ಕಿಹಾಕಿಕೊಂಡರೆ ಎದೆ ಬಿಗಿದು, ಕಂಡಕಂಡವರಿಗೆಲ್ಲ ಬೈಯುತ್ತಿದ್ದನಂತೆ. ಒಂದು ದಿನ ನಲವತ್ತು ಜನ ಕೂತಿದ್ದ ಬಸ್ಸನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಇಳಿದು, ನಡೆದುಕೊಂಡು ಹೋಗಿಬಿಟ್ಟ. ಕೆಲಸ ಹೋಯಿತು. ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಉಸಿರು ಎಣಿಸುವುದನ್ನು ಕಲಿಸಿದಳು. ನಮ್ಮಪ್ಪ ಕೆಲಸ ಕೊಟ್ಟರು. ಹತ್ತು ಮುಗಿಯುವವರೆಗೆ ಯಾರೂ ಅವನನ್ನು ಮಾತಾಡಿಸಬಾರದು ಅಂತ ತಾಕೀತೂ ಮಾಡಿದ್ದರು. ಅಪ್ಪನ ನಂತರ ಅವರ ಕುರ್ಚಿ ನನಗೆ ಬಂತು. ಅವರ ಬುದ್ಧಿ ಮಾತ್ರ ಅವರ ಜೊತೆಗೇ ಹೋಯಿತು.

ಕಾಯುವ ಗಿರಾಕಿ ಗಡಿಯಾರ ನೋಡಬಾರದು, ಅದು ವ್ಯಾಪಾರದ ಗುಟ್ಟು. ಹಾಗಾಗಿ ನಾನು ಅವನ ಅಣಕ ಮಾಡಿ ನಗಿಸುತ್ತಿದ್ದೆ. "ಶ್! ಋಷಿಗಳು ತಪಸ್ಸಿಗೆ ಕೂತಿದ್ದಾರೆ. ಏಳೋಕೆ ಇನ್ನೂ ನಾಲ್ಕು ಉಸಿರಿದೆ."

ಒಂದು ದಿನ ಒಬ್ಬ ಕಂಟ್ರಾಕ್ಟರು ಬಂದಿದ್ದರು, ಆಳೆತ್ತರದ ಕನ್ನಡಿಗಾಗಿ. ಉಸಿರಪ್ಪ ಕೂತ. ನಾನು ಅವನ ಪಕ್ಕದಲ್ಲೇ ಕಣ್ಣು ಮುಚ್ಚಿ, ಎಮ್ಮೆಯ ಹಾಗೆ ಬುಸುಗುಟ್ಟಿದೆ. ಕಂಟ್ರಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತು ಮುಗಿಯುವ ಮೊದಲೇ ಉಸಿರಪ್ಪ ಎದ್ದ. ನಮ್ಮ ಜೊತೆ ತಾನೂ ಒಂಚೂರು ನಕ್ಕ. ಗೆರೆ ಅರ್ಧ ಎಳೆದಿದ್ದ, ನನಗೆ ತಡೆಯಲಾಗಲಿಲ್ಲ.

"ಲೋ, ಉಸಿರು ಬಿಡೋದು ಮರೀಬೇಡ್ವೋ!"

ಕೈ ನಿಂತಿತು. ಮತ್ತೆ ಶುರು ಮಾಡಿದಾಗ ಅವನು ಎಳೆದ ಗೆರೆಯ ಮೇಲೇ ಕಟರ್ ಇಟ್ಟ. ಒತ್ತಿದಾಗ ಕನ್ನಡಿ ಓರೆಯಾಗಿ ಸೀಳಿ ಅವನ ಹೆಬ್ಬೆರಳ ಬುಡಕ್ಕೇ ಬಂತು. ಏಳು ಹೊಲಿಗೆ. ಕೇಳಿದವರಿಗೆಲ್ಲ ನಾನು ಹೇಳಿದ್ದು, "ಏನ್ಮಾಡೋದು, ಮೈಮೇಲೆ ಎಚ್ಚರ ಇರ್ಲಿಲ್ಲ ಅವನಿಗೆ."

ತಿಂಗಳ ನಂತರ ಕೆಲಸಕ್ಕೆ ಬಂದ. ಸ್ಟೂಲಿನ ಮೇಲೆ ಕೂತ, ಎದ್ದ. ಮತ್ತೆ ಕೂತ, ಎದ್ದ. ಕೊನೆಗೆ ಕಟರನ್ನು ಮೇಜಿನ ಮೇಲಿಟ್ಟು, "ಯಜಮಾನ್ರೇ, ನನ್ನನ್ನ ಪ್ಯಾಕಿಂಗಿಗೆ ಹಾಕ್ಬಿಡಿ" ಅಂದ.

"ಕೈ ನೋಯುತ್ತಾ?"

"ಕೈ ಚೆನ್ನಾಗಿದೆ. ಕಣ್ಣು ಮುಚ್ಚಿದ್ರೆ ನಗು ಕೇಳ್ಸುತ್ತೆ."

ಅಷ್ಟು ಹೇಳಿ ಮನೆಗೆ ಹೋದವನು ಮರುದಿನ ಬರಲಿಲ್ಲ. ನಾನೇ ಹೋದೆ. ಅವನ ಹೆಂಡತಿ ಬಾಗಿಲಲ್ಲೇ ತಗ್ಗಿದ ದನಿಯಲ್ಲಿ ಹೇಳಿದಳು: "ಅಣ್ಣಾ, ಉಸಿರು ಎಣಿಸೋಕೆ ಮನೇಲೂ ಸರಿಯಾಗಿ ಕೂರಲ್ಲ ಈಗ. ಕೂತಾಗ ಮಗಳು ಬಂದ್ರೆ ಏನೋ ಹುಡುಕೋರ ಹಾಗೆ ಎದ್ದುಬಿಡ್ತಾರೆ. ನಿನ್ನೆ ಹಾಲಿನವನ ಮೇಲೆ ಹಾರಾಡಿದ್ರು. ಬಸ್ಸಿನ ಕಾಲದ ಬೈಗುಳ ಎಲ್ಲಾ ವಾಪಸ್ ಬಂದಿದೆ."

ನಾನು ಹಾಳು ಮಾಡಿದ್ದು ಅವನ ಹೆಬ್ಬೆರಳನ್ನಷ್ಟೇ ಅಲ್ಲ ಅಂತ ಆಗ ತಿಳಿಯಿತು. ಆದರೂ ವ್ಯಾಪಾರಿ ಬುದ್ಧಿ ನೋಡಿ, ಒಳಗೆ ಹೋಗಿ ಉಸಿರಪ್ಪನೆದುರು ಕೂತಾಗಲೂ ಹಿತ್ತಲ ಬಾಗಿಲು ಹುಡುಕಿತು.

"ನನಗೂ ಉಸಿರಾಟ ಕಲಿಸಪ್ಪಾ. ಬಿಪಿ ಅಂತೆ, ಡಾಕ್ಟರು ಹೇಳಿದ್ರು."

"ಬಿಪಿ ಹದಿನೆಂಟರ ಹುಡುಗನ ಥರ ಇದೆ ಅಂತ ನಿನ್ನೆ ಅಂಗಡೀಲಿ ತಾನೇ ಜಂಬ ಕೊಚ್ಕೊಂಡ್ರಿ?"

ಅವನ ಹೆಂಡತಿ ನಗು ತಡೆಯಲು ಒಲೆಯ ಕಡೆ ತಿರುಗಿದಳು. ನಾನು ನೆಲ ನೋಡಿದೆ. "ತಪ್ಪು ನಂದು. ಕನ್ನಡಿ ಒಡೆದಿದ್ದು ನಾನು. ನಿನಗೆ ಎಚ್ಚರ ಇರ್ಲಿಲ್ಲ ಅಂತ ಊರಿಗೆಲ್ಲ ಸಾರಿದ್ದೂ ನಾನೇ."

"ಗೊತ್ತು. ನನಗೂ ಬಂದು ಹೇಳಿದ್ರು." ಹೆಬ್ಬೆರಳ ಬುಡದ ಹೊಲಿಗೆ ಗುರುತನ್ನು ಉಜ್ಜಿಕೊಂಡ. "ನಾಳೆ ಬರ್ತೀನಿ. ಆದ್ರೆ ಸ್ಟೂಲಿನ ಮೇಲೆ ನನ್ನ ಜೊತೆ ನೀವೂ ಕೂರ್ಬೇಕು. ಗಿರಾಕಿಗಳು ಇರೋವಾಗ."

ಬೆಳಗ್ಗೆ ಹನ್ನೊಂದಕ್ಕೆ ಕೂತೆವು, ಎರಡು ಸ್ಟೂಲು, ಎದುರಿಗೆ ಆರು ಗಿರಾಕಿಗಳು. "ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಯೋಚನೆ ಬಂದ್ರೆ ಓಡಿಸ್ಬೇಡಿ. ಬಸ್ಸಿಗೆ ಜನ ಹತ್ತೋ ಹಾಗೆ ಹತ್ತಲಿ, ಇಳೀಲಿ, ನಿಮ್ಮ ಕಣ್ಣು ರಸ್ತೆ ಮೇಲಿರ್ಲಿ," ಅಂದ.

ಮೂರನೆಯ ಉಸಿರಿಗೆ ಯಾರೋ ಕಿಸಕ್ಕೆಂದರು. "ಅಂಗಡಿ ಮಾರಿ ಸನ್ಯಾಸಾನಾ, ಯಜಮಾನ್ರೇ?" ನಾಲಿಗೆ ತುದಿಗೆ ಒಂದು ಉತ್ತರ ಬಂದಿತ್ತು, ಒಳ್ಳೆಯದೇ; ನುಂಗಿದೆ. ನಗುವವರ ಎದುರು ಕಣ್ಣು ಮುಚ್ಚಿ ಕೂರುವುದು ಎಂಥ ಬೆತ್ತಲೆ ಕೆಲಸ ಅಂತ ನನಗೆ ಯಾರೂ ಹೇಳಿರಲಿಲ್ಲ. ಇವನು ಅದನ್ನು ವರ್ಷಗಟ್ಟಲೆ ಮಾಡಿದ್ದ.

ಎಣಿಕೆ ತಪ್ಪಿತು. ಒಂದರಿಂದ ಶುರು ಮಾಡಿದೆ. ಪಕ್ಕದ ಸ್ಟೂಲು ಕಿರುಗುಟ್ಟಿತು. ಆಮೇಲೆ ಗಾಜಿನ ಮೇಲೆ ಕಟರ್ ಹೋಗುವ ಸದ್ದು, ಎಲ್ಲೂ ನಿಲ್ಲದೆ, ತುದಿಯವರೆಗೆ.

ನಾನು ಕಣ್ಣು ತೆರೆಯಲಿಲ್ಲ. ಧ್ಯಾನ ಹತ್ತಿತ್ತು ಅಂತಲ್ಲ, ಮುಖ ತೋರಿಸುವ ಧೈರ್ಯ ಇರಲಿಲ್ಲ.

"ಬನ್ನಿ ಯಜಮಾನ್ರೇ," ಅಂದ ಉಸಿರಪ್ಪ. "ಆ ಕಡೆ ಹಿಡ್ಕೊಳ್ಳಿ, ಮುರೀಬೇಕು."